ಬಾಲ ಇರುವ ಇಂಗ್ಲಿಷು

ನನ್ನ ಇಂಗ್ಲಿಷು ಕೆಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿದವರು ಇವಳಿಗೆ ಎಬಿಸಿಡಿಯೂ ಬರುವುದಿಲ್ಲ ಅಂದುಕೊಂಡಾರು. ಬಿ.ಕಾಂ. ಪಾಸು ಮಾಡಿದವಳು ನಾನು. ಬ್ಯಾಂಕಿನವರು, ತೆರಿಗೆಯವರು ಬಂದು ಇಂಗ್ಲಿಷಿನಲ್ಲಿ ಜೋರು ಮಾಡಿದರೆ ಅಷ್ಟೇ ಜೋರಿನಲ್ಲಿ ಉತ್ತರ ಕೊಟ್ಟು ಕಳಿಸಿದ್ದೇನೆ. ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್, ಇಂಥವಕ್ಕೆಲ್ಲ ನಾನು ಹೆದರುವುದಿಲ್ಲ. ದೊಡ್ಡ ಶಬ್ದಗಳು ಮರ್ಯಾದಸ್ಥರು, ಎಲ್ಲಿ ಸಿಕ್ಕಿದರೂ ಅದೇ ಮುಖ. ನನಗೆ ಕೈಕೊಡುವುದು ಚಿಲ್ಲರೆ ಶಬ್ದಗಳು. ಪುಟ್, ಗೆಟ್, ಟೇಕ್, ಲುಕ್. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಈ ಪಾಪದವುಗಳ ಹಿಂದೆ ಅಪ್ ಅಂತಲೋ ಆಫ್ ಅಂತಲೋ ಒಂದು ಬಾಲ ಸೇರಿಸಿದರೆ ಸಾಕು, ಕಟ್ಟಿದ ದನ ಹಗ್ಗ ಹರಿದುಕೊಂಡು ಓಡಿದ ಹಾಗೆ ಅರ್ಥ ಎಲ್ಲಿಗೋ ಹೋಗಿರುತ್ತದೆ.

ತಮಿಳು ಸೀಮೆಯ ಪಲ್ಲಾವರಂನಲ್ಲಿ ನಮ್ಮದೊಂದು ಹೋಟೆಲು. ತಿಂಡಿ, ಊಟ, ಕಾಫಿಯ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ನಾನು ಹುಟ್ಟುವ ಮೊದಲೇ ಹಾಕಿದ್ದು. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ನಮ್ಮ ಸಂಭಾಷಣೆಗಳೆಲ್ಲ ತುಂಡು ತುಂಡು. ವಿಮಾನ ತಲೆಯ ಮೇಲೆ ಹೋಗುವಾಗ ಬಾಯಿ ಮುಚ್ಚಿ ಕಾಯುವುದು, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುವುದು. ಅಪ್ಪನಿಗೆ ಗೊತ್ತಿದ್ದ ಬಾಲದ ಇಂಗ್ಲಿಷು ಟೇಕಾಫ್ ಒಂದೇ. ಈಗ ಅಪ್ಪನಿಗೆ ವಯಸ್ಸಾಗಿದೆ, ಮಂಡಿನೋವು, ಬಿ.ಪಿ. ಮಾತ್ರೆ. ಗಲ್ಲಾದಲ್ಲಿ ಅವರ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡು ನಾನು ಕೂರುತ್ತೇನೆ.

ಕಟ್ಟಡ ನಮ್ಮದಲ್ಲ. ಅದರ ಓನರು ಹಿಂದಿನ ಬೀದಿಯ ತಮಿಳರು, ನಾನು ತಾತಾ ಅಂತಲೇ ಕರೆಯುತ್ತಿದ್ದದ್ದು. ದಿನಾ ಬೆಳಿಗ್ಗೆ ಕಾಫಿಗೆ ಬರುವವರು. ಮುಂದಿನ ವರ್ಷಕ್ಕೂ ಇರಬಹುದಾ ಅಂತ ಅಪ್ಪ ಕೇಳಿದಾಗಲೆಲ್ಲ, 'ನೀ ಇರುಪ್ಪಾ, ಎಂಗ ಪೋಗಪ್ಪೋರೆ' ಅನ್ನುತ್ತಿದ್ದರು. ನೀನು ಇರಪ್ಪ, ಎಲ್ಲಿಗೆ ಹೋಗ್ತೀ. ಕರಾರು ಅಂತ ಇದ್ದದ್ದು ಆ ಒಂದು ಮಾತು. ಮಾತು ಆಡಿದವರು ಹೋದ ವರ್ಷ ತೀರಿಕೊಂಡರು. ಮಗ ಅವರಿಗಿಂತ ಮೊದಲೇ ತೀರಿಹೋಗಿದ್ದರಿಂದ ಕಟ್ಟಡ ಮೊಮ್ಮಗಳಿಗೆ ಬಂತು. ಅವಳು ಹೊರದೇಶದಲ್ಲೇ ಹುಟ್ಟಿ ಬೆಳೆದವಳು.

ಆ ಮೊಮ್ಮಗಳು ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದು ತಾತನ ಮನೆಯಲ್ಲಿ ಒಬ್ಬಳೇ ಉಳಿದಳು. ಮೂವತ್ತರ ಹತ್ತಿರದ ಹುಡುಗಿ. ವಣಕ್ಕಂ, ನನ್ರಿ, ಈ ನಮಸ್ಕಾರ ಥ್ಯಾಂಕ್ಸು ಎರಡು ಬಿಟ್ಟರೆ ತಮಿಳಿಲ್ಲ. ವಿಚಿತ್ರ ನೋಡಿ, ತಮಿಳರ ಮನೆಯ ಹುಡುಗಿಗೆ ತಮಿಳು ಬಾರದು, ಕನ್ನಡದ ನನ್ನ ಅಪ್ಪನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಇವರಿಬ್ಬರು ಮಾತಾಡಬೇಕಾದರೆ ನಡುವೆ ಇಂಗ್ಲಿಷು ಬೇಕು, ಇಂಗ್ಲಿಷು ಬೇಕಾದರೆ ನಾನು ಬೇಕು.

ಅವಳು ಮೊದಲ ಸಲ ಹೋಟೆಲಿಗೆ ಬಂದದ್ದು ತಿಂಡಿಯ ಗಲಾಟೆ ಮುಗಿದು ಊಟ ಶುರುವಾಗುವ ಮೊದಲಿನ ಹೊತ್ತಿನಲ್ಲಿ. ಅಪ್ಪ ಗಲ್ಲಾದಲ್ಲಿದ್ದರು. ಅವಳು ನಿಂತೇ ಮಾತಾಡಿದಳು, ಬಹಳ ಬೇಗ ಬೇಗ. ಕಟ್ಟಡ ಕೊಳ್ಳಲು ಜನ ಬಂದಿದ್ದಾರೆ. ಅಷ್ಟು ದೂರದಿಂದ ಇದನ್ನು ಸಂಭಾಳಿಸುವುದು ತನಗೆ ಕಷ್ಟ. ಬೇಡ ಅನ್ನಲಿಕ್ಕೆ ಕಾರಣ ಇಲ್ಲ. ಅಷ್ಟು ಹೇಳಿ ಅಪ್ಪನ ಮುಖ ನೋಡಿ, 'ವಾಟೆವರ್ ಹ್ಯಾಪನ್ಸ್ ಅಂಕಲ್, ಐ ವಿಲ್ ಲುಕ್ ಆಫ್ಟರ್ ಯೂ' ಅಂದಳು.

ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳುವುದು. ಶಾಲೆಯಲ್ಲಿ ಕಲಿತದ್ದು, ಸಂಶಯವೇ ಇಲ್ಲ. ಅಪ್ಪನಿಗೆ ಹಾಗೇ ದಾಟಿಸಿದೆ.

"ಕಟ್ಟಡಕ್ಕೆ ಗಿರಾಕಿ ಬಂದಿದ್ದಾರಂತೆ ಅಪ್ಪ. ಬೇಡ ಅನ್ಲಿಕ್ಕೆ ಆಗುದಿಲ್ಲಂತೆ. ಎಂತ ಆದ್ರೂ ನಿಮ್ಮನ್ನು ನೋಡ್ಕೊಳ್ತೇನೆ ಅಂತಾಳೆ."

ಅಪ್ಪನ ಕಿವಿ ಕೆಂಪಾಯಿತು. ಆಗಲೇ ನನಗೆ ಹೊಳೆದದ್ದು. ನಮ್ಮಲ್ಲಿ ಹೆತ್ತ ತಾಯಿಯನ್ನೂ ನೋಡಿಕೊಳ್ಳುತ್ತಾರೆ, ಜಾಗದ ತಕರಾರಿನಲ್ಲಿ ಎದುರು ನಿಂತವನಿಗೂ 'ನಿನ್ನನ್ನು ನೋಡ್ಕೊಳ್ತೇನೆ' ಅಂತಲೇ ಹೇಳಿ ತೋಳೇರಿಸುತ್ತಾರೆ. ಮೊದಲು ಕಟ್ಟಡ ಮಾರುತ್ತೇನೆ ಅಂದು, ಆಮೇಲೆ ನೋಡ್ಕೊಳ್ತೇನೆ ಅಂದರೆ ಯಾವ ಕಿವಿಗೆ ಅದು ಪ್ರೀತಿಯಾಗಿ ಕೇಳೀತು?

"ನೋಡ್ಕೊಳ್ತಾಳಂತಾ?" ಅಪ್ಪ ಎದ್ದು ನಿಂತರು. "ಮೊನ್ನೆ ಬಂದು ಇಳಿದವಳು ನನ್ನನ್ನು ನೋಡ್ಕೊಳ್ತಾಳಂತಾ? ಹಾಗಾದ್ರೆ ನಾನು ಸಹ ನೋಡ್ಕೊಳ್ತೇನೆ ಅಂತ ಹೇಳು ಅವಳಿಗೆ. ಹೇಳು!"

ಸಪ್ಲೈಯರುಗಳು ನಿಂತಲ್ಲೇ ನಿಂತರು. ಹುಡುಗಿ ನನ್ನ ಬಾಯಿ ನೋಡುತ್ತಿದ್ದಳು. ನನಗೂ ಅವಳ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆದರಿಕೆಯನ್ನು ಬೆದರಿಕೆಯಾಗಿಯೇ ದಾಟಿಸಿದರೆ ನಾಳೆಯೇ ಅಂಗಡಿ ಖಾಲಿ ಮಾಡಿ ಅಂದಾಳು ಎಂಬ ಹೆದರಿಕೆಯೂ ಇತ್ತು. ಒಂದಕ್ಷರ ಅತ್ತಿತ್ತ ಮಾಡದೆ ಹೇಳಿದೆ: "ಮೈ ಫಾದರ್ ಸೇಸ್, ಹೀ ವಿಲ್ ಆಲ್ಸೋ ಲುಕ್ ಆಫ್ಟರ್ ಯೂ."

ಅವಳ ಕಣ್ಣು ತುಂಬಿಬಿಟ್ಟಿತು. ತಾತ ಹೋದ ಮೇಲೆ ಯಾರೂ ತನಗೆ ಈ ಮಾತು ಹೇಳಿಲ್ಲ ಅಂದಳು. ಅಪ್ಪನಿಗೆ ಕೈಮುಗಿದು, ಮೂಗು ಒರೆಸಿಕೊಂಡು ಹೊರಟುಹೋದಳು.

ಅಪ್ಪ ತಬ್ಬಿಬ್ಬಾದರು. "ಅಳ್ತಾಳೆ ಯಾಕೆ? ನೀನು ಅಷ್ಟು ಖಾರ ಮಾಡಿ ಹೇಳಿದ್ಯಾ?"

"ನೀವು ಹೇಳಿದ್ದನ್ನೇ ಹೇಳಿದ್ದು" ಅಂದೆ.

ಮಾರನೆಯ ದಿನ ಬೆಳಿಗ್ಗೆ ಅವಳು ತಿಂಡಿಗೆ ಹಾಜರು. ಗೋಡೆ ಅಳೆಯಲಿಕ್ಕೆ ಬಂದದ್ದಾ ಅಂತ ಅಪ್ಪ ಗೊಣಗಿದರು. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ ಅಂತ ನಡೆದದ್ದನ್ನು ಬಿಡಿಸಿ ಹೇಳಿದೆ. ಅವಳು ಹೇಳಿದ್ದು ಬೆದರಿಕೆ ಅಲ್ಲ, ನಿಮ್ಮ ಬೆದರಿಕೆ ಅವಳಿಗೆ ಬೆದರಿಕೆಯಾಗಿ ಮುಟ್ಟಲೂ ಇಲ್ಲ. ಅಪ್ಪ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು.

"ಬೆದರಿಕೆ ಅಲ್ಲವಂತೆ! ನಿಜವಾಗಿ ನೋಡಿಕೊಳ್ಳುವವರು ಯಾರೂ ಬಾಯಿಬಿಟ್ಟು ಹೇಳುದಿಲ್ಲ" ಅಂದರು. ಆಮೇಲೆ, "ನನ್ನ ಹೆಸರಲ್ಲಿ ಮಾತು ಹೋಗಿ ಆಯ್ತಲ್ಲ. ಅವಳಿಗೆ ಬಿಸಿ ಇಡ್ಲಿ ಕೊಡ್ಲಿಕ್ಕೆ ಹೇಳು. ಮೇಲಿನದ್ದಲ್ಲ, ಈಗ ಇಳಿಸಿದ್ದು" ಅಂದರು. ಅವಳ ಕಡೆ ಮುಖ ಮಾತ್ರ ತಿರುಗಿಸಲಿಲ್ಲ.

ಆಮೇಲಿನ ವಾರಗಳಲ್ಲಿ ಕೊಳ್ಳುವವರ ಕಡೆಯ ಜನ ಬಂದು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದರು. ನಮ್ಮ ಗ್ರೈಂಡರಿನ ಮೇಲೆ ಕೈ ಊರಿ ನಿಂತು, ಇಲ್ಲಿ ಲಿಫ್ಟು ಬರುತ್ತದೆ, ಅಲ್ಲಿ ಪಾರ್ಕಿಂಗು ಅಂತ ತಮಿಳಿನಲ್ಲಿ ಮಾತಾಡಿಕೊಂಡರು. ಅಪ್ಪನಿಗೆ ತಮಿಳು ಬರುವುದಿಲ್ಲ ಅಂದುಕೊಂಡಿರಬೇಕು, ಇಲ್ಲವೇ ಬಂದರೇನು ಅಂತ. ಊರಿನ ಇನ್ನೊಂದು ತುದಿಯ ತಿರುವೊಟ್ಟಿಯೂರಿನ ಹೋಟೆಲೊಂದರಲ್ಲಿ ಕರೆಯುತ್ತಿದ್ದಾರೆ, ಹೋಗಲಾ ಬೇಡವಾ ಅಂತ ನಮ್ಮ ಅಡುಗೆಯವರು ಕೇಳಿದರು. ಹೋಗಿ ಅನ್ನಲು ಬಾಯಿ ಬರಲಿಲ್ಲ, ಇರಿ ಅನ್ನಲು ಧೈರ್ಯ ಇರಲಿಲ್ಲ. ಗಿರಾಕಿಗೆ ಕೊಡುವ ಚಿಲ್ಲರೆಯನ್ನು ಅಪ್ಪ ಎರಡೆರಡು ಸಲ ಎಣಿಸುವುದನ್ನು ಪಕ್ಕದ ಸ್ಟೂಲಿನಿಂದ ನೋಡುತ್ತಿದ್ದೆ. ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಇನ್ನೊಂದು ಒಲೆ ಹೂಡುವ ತಾಕತ್ತು ಅವರಲ್ಲಿರಲಿಲ್ಲ. ಹೋಟೆಲು ಹೋದರೆ ಅಪ್ಪನೂ ಹೋಗುತ್ತಾರೆ ಅನ್ನುವುದು ನನ್ನ ಲೆಕ್ಕ, ಅದನ್ನು ಯಾರ ಹತ್ತಿರವೂ ಹೇಳಲಿಲ್ಲ.

ಹುಡುಗಿ ಮಾತ್ರ ದಿನಾ ಬರುತ್ತಿದ್ದಳು, ತಿನ್ನುತ್ತಿದ್ದಳು, ಹೋಗುವಾಗ ಏನಾದರೊಂದು ಬಾಲದ ಮಾತು ಬಿಟ್ಟು ಹೋಗುತ್ತಿದ್ದಳು. ಒಂದು ದಿನ, ದೇ ಆರ್ ಡ್ರ್ಯಾಗಿಂಗ್ ಇಟ್ ಔಟ್. ಇನ್ನೊಂದು ದಿನ, ವೀ ಆರ್ ಐರನಿಂಗ್ ಔಟ್ ಎ ಫ್ಯೂ ಥಿಂಗ್ಸ್.

"ಎಂತ ಅಂತೆ ಇವತ್ತು?" ಅಪ್ಪ ಕೇಳುತ್ತಿದ್ದರು.

"ಇಸ್ತ್ರಿ ಹಾಕ್ತಾ ಇದ್ದಾರಂತೆ."

"ಯಾರ ಅಂಗಿಗೆ?"

"ನಮ್ಮ ತಲೆಗೆ."

ನಗುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಒಂದು ಮಾತು ಕೇಳಬಹುದಿತ್ತು ಅವಳನ್ನು: ಅಮ್ಮಾ ತಾಯಿ, ಸ್ವಲ್ಪ ಬಿಡಿಸಿ ಹೇಳು ಅಂತ. ಕೇಳಲಿಲ್ಲ. ಪದವಿ ಪಡೆದವಳು, ಹೋಟೆಲಿನ ವಕೀಲೆಯ ಹಾಗೆ ನಡುವೆ ಕೂತವಳು, ಔಟ್ ಅಂದರೇನು ಅಂತ ಕೇಳುವುದೇ? ಅದರ ಬದಲು ಫೋನಿನಲ್ಲಿ ಪಾಠದ ವೀಡಿಯೊ ಹಾಕಿಕೊಂಡೆ. ಗಿರಾಕಿ ಕಡಿಮೆ ಇದ್ದಾಗ ಗಲ್ಲಾದಲ್ಲೇ ಕೂತು, ಕಿವಿಗೆ ವಯರು ಸಿಕ್ಕಿಸಿ, ಗಿವ್ ಇನ್, ಗಿವ್ ಅಪ್, ಗಿವ್ ಔಟ್ ಅಂತ ಕಲಿತೆ.

ಕಲಿಯುತ್ತ ಕಲಿಯುತ್ತ ಒಂದು ಗೊತ್ತಾಯಿತು, ಇದೇನೂ ಅವರ ಮನೆಯ ರೋಗ ಮಾತ್ರ ಅಲ್ಲ. ನಮ್ಮಲ್ಲೂ ಬಾಲವಿದೆ. ಹೇಳು ಅನ್ನುವ ಒಂದು ಮಾತು ತಗೊಳ್ಳಿ. ಹೇಳಿಕೊಟ್ಟರೆ ಪಾಠ, ಹೇಳಿಕೊಂಡರೆ ದುಃಖ, ಹೇಳಿಬಿಟ್ಟರೆ ಗುಟ್ಟು ರಟ್ಟು, ಹೇಳಿಸಿಕೊಂಡರೆ ಬೈಗುಳ. ಇದನ್ನು ಆ ಹುಡುಗಿಗೆ ಕಲಿಸಲು ಹೊರಟರೆ ಅವಳೂ ನನ್ನ ಹಾಗೇ ಬೆವರಬೇಕಾಗುತ್ತದೆ ಅಂತ ಸ್ವಲ್ಪ ಸಮಾಧಾನವಾಯಿತು. ಬೇರೆಯವರ ಕಷ್ಟ ನೆನೆದು ಸಮಾಧಾನ ಪಡುವುದು ನನ್ನ ಹುಟ್ಟುಗುಣ.

ಆ ವಾರದ ಪಾಠದಲ್ಲಿ ಥ್ರೂ ಬಂದಿತ್ತು. 'ದ ಡೀಲ್ ವೆಂಟ್ ಥ್ರೂ' ಅಂದರೆ ವ್ಯವಹಾರ ಕುದುರಿತು, ಎಲ್ಲ ದಾಟಿ ಆಚೆ ದಡ ಸೇರಿತು ಅಂತ ವೀಡಿಯೊದ ಟೀಚರು ನಗುನಗುತ್ತ ಹೇಳಿದ್ದರು. ಸರಿ, ಥ್ರೂ ಅಂದರೆ ಮುಗಿದದ್ದು. ತಲೆಯಲ್ಲಿ ಮೊಳೆ ಹೊಡೆದು ಕೂರಿಸಿದೆ.

ಶುಕ್ರವಾರ ಪಲ್ಲಾವರಂನಲ್ಲಿ ಸಂತೆ. ಆ ದಿನ ಮಧ್ಯಾಹ್ನ ನಮ್ಮಲ್ಲಿ ಉಸಿರಾಡಲಿಕ್ಕೆ ಜಾಗ ಇರುವುದಿಲ್ಲ. ಹಳೇ ಮಿಕ್ಸಿ, ಗಿಡದ ಕುಂಡ ಹಿಡಿದುಕೊಂಡೇ ಜನ ಊಟಕ್ಕೆ ಬಂದು ಕೂರುತ್ತಾರೆ. ಅಂಥ ಹೊತ್ತಿನಲ್ಲಿ ಅವಳು ಜನರ ನಡುವೆ ತೂರಿಕೊಂಡು ಗಲ್ಲಾದ ಎದುರು ಬಂದು ನಿಂತಳು. ಬೆವರಿದ್ದಳು, ಓಡಿಕೊಂಡು ಬಂದ ಹಾಗಿತ್ತು. "ಇಟ್ ಫೆಲ್ ಥ್ರೂ" ಅಂದಳು. ಆಮೇಲೆ ಇನ್ನೂ ಏನೋ ಹೇಳಿದಳು, ಅಷ್ಟರಲ್ಲಿ ಮೇಲೆ ವಿಮಾನ ಬಂತು, ಅವಳ ತುಟಿ ಆಡುವುದು ಮಾತ್ರ ಕಂಡಿತು. ವಿಮಾನ ಹೋಗುವಷ್ಟರಲ್ಲಿ ಅವಳ ಮಾತು ಮುಗಿದಿತ್ತು. ಅವಳು ನಗುತ್ತಿದ್ದಳು.

ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು. ಥ್ರೂ. ಮುಗಿಸಿಯೇಬಿಟ್ಟಳು. ದಿನಾ ನಮ್ಮ ಬಿಸಿ ಇಡ್ಲಿ ತಿಂದು, ನಮ್ಮ ನೆಲ ಮಾರಿ, ಅದನ್ನು ಹಲ್ಲು ಕಿರಿದು ಹೇಳಲಿಕ್ಕೆ ಬಂದಿದ್ದಾಳೆ.

"ಎಂತ ಅಂತೆ?" ಅಪ್ಪ ಕೇಳಿದರು. ಅವರ ಕೈ ಗಲ್ಲಾದ ಅಂಚನ್ನು ಹಿಡಿದಿತ್ತು.

"ಆಯ್ತಂತೆ ಅಪ್ಪ. ಮುಗೀತಂತೆ."

ಅಪ್ಪ ಕೂಗುತ್ತಾರೆ ಅಂದುಕೊಂಡೆ. ಕೂಗಲಿ ಅಂತಲೇ ಇತ್ತು ನನಗೆ. ಇಂಗ್ಲಿಷಿನಲ್ಲಿ ನಾನೂ ನಾಲ್ಕು ಜಾಡಿಸುವುದಕ್ಕೆ ಶಬ್ದ ಹುಡುಕಿ ಇಟ್ಟುಕೊಂಡಿದ್ದೆ, ಎಲ್ಲವೂ ಬಾಲ ಇಲ್ಲದ ದೊಡ್ಡ ದೊಡ್ಡ ಶಬ್ದ. ಅಪ್ಪ ಕೂಗಲಿಲ್ಲ. ಮೆಲ್ಲಗೆ ಎದ್ದರು. ನೀನು ಇಲ್ಲಿ ಕೂತುಕೋ ಅಂತ ನನಗೆ ಸನ್ನೆ ಮಾಡಿ ಒಳಗೆ ಹೋದರು. ಕೈತೊಳೆದು, ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಮೂಲೆಯ ಟೇಬಲಿನಲ್ಲಿ ಒಂದು ಜಾಗ ಮಾಡಿಸಿ, ಎಲೆ ಹಾಕಿ, ಕೂರು ಅಂತ ಆ ಹುಡುಗಿಗೆ ಕೈಯಲ್ಲೇ ತೋರಿಸಿದರು.

ಮಂಡಿನೋವು ಬಂದ ಮೇಲೆ ಅಪ್ಪ ಬಡಿಸುವುದನ್ನು ಬಿಟ್ಟಿದ್ದರು. ಅವತ್ತು ಸಪ್ಲೈಯರ ಕೈಯಿಂದ ಬಕೆಟು ತಗೊಂಡು ತಾವೇ ಬಡಿಸಿದರು. ಪಲ್ಯ, ಕೋಸಂಬರಿ, ಅನ್ನ, ಅದರ ಮೇಲೆ ತೊವ್ವೆ, ತುಪ್ಪ. ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಬಡಿಸುವ ಕ್ರಮದಲ್ಲಿ, ಒಂದೂ ತಪ್ಪದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೆಗಲಿಗೆ ಒರೆಸಿಕೊಂಡು ಮತ್ತೆ ಬಡಿಸುತ್ತಿದ್ದರು. ಒಳಗಿನಿಂದ ಅಡುಗೆಯವರು ಇಣುಕಿ ನೋಡಿ ತಲೆತಗ್ಗಿಸಿದರು. ಯಾರೂ ಹೇಳದೆಯೇ ಎಲ್ಲರಿಗೂ ತಿಳಿದುಹೋಗಿತ್ತು.

ನನಗೆ ತಡೆಯಲಾಗಲಿಲ್ಲ. ಗಲ್ಲಾ ಬಿಟ್ಟು ಅವರ ಹಿಂದೆ ಹೋದೆ.

"ಅಪ್ಪ, ಎಂತ ಇದು? ನಮ್ಮನ್ನು ಬೀದಿಗೆ ಹಾಕಿದವಳಿಗೆ ತುಪ್ಪ ಬಡಿಸ್ತಾ ಇದ್ದೀರಲ್ಲ!"

"ಸುಮ್ಮನಿರು" ಅಂದರು ಅಪ್ಪ. "ಕಟ್ಟಡ ಅವಳದ್ದು, ಮಾರಿದ್ಲು. ಅಜ್ಜ ಇಲ್ಲದ ಹುಡುಗಿ, ನೋಡ್ಕೊಳ್ತೇನೆ ಅಂತ ಹೇಳಿ ಆಗಿದೆ. ಇಲ್ಲಿ ಒಲೆ ಇರುವಷ್ಟು ದಿನ ನೋಡ್ಕೊಳ್ಳುದು. ಪಾಯಸ ತರ್ತೇನೆ."

ಅವರು ಒಳಗೆ ಹೋದರು. ನಾನು ಅಲ್ಲೇ ಕಂಬದ ಹಾಗೆ ನಿಂತೆ. ಹುಡುಗಿ ಎಡಗೈಯಲ್ಲಿ ನನ್ನ ಸೀರೆಯ ಸೆರಗು ಹಿಡಿದು ಎಳೆದಳು. ಅವಳ ಮುಖದಲ್ಲಿ ನಗು ಹೋಗಿತ್ತು. ಅಂಕಲ್ ಯಾಕೆ ಅಳುತ್ತಿದ್ದಾರೆ, ಎಲ್ಲರೂ ಯಾಕೆ ಹೀಗಿದ್ದಾರೆ, ನಿಮಗೆಲ್ಲ ಖುಷಿಯಾಗುತ್ತದೆ ಅಂದುಕೊಂಡು ಓಡಿ ಬಂದೆನಲ್ಲ ಅಂತ ಕೇಳಿದಳು.

"ಖುಷಿ? ಯೂ ಸೋಲ್ಡ್ ಅವರ್ ಹೋಟೆಲ್" ಅಂದೆ. ಕೋಪದಲ್ಲಿ ಕನ್ನಡ, ಇಂಗ್ಲಿಷು ಎರಡೂ ಒಟ್ಟಿಗೆ ಬಂದವು.

ಅವಳು ನನ್ನನ್ನೇ ನೋಡಿದಳು. ಇಲ್ಲ, ಮಾರಲಿಲ್ಲ, ನಾನು ಹೇಳಿದೆನಲ್ಲ ಅಂದಳು. ಇಟ್ ಫೆಲ್ ಥ್ರೂ. ದೇ ಬ್ಯಾಕ್ಡ್ ಔಟ್. ಅಷ್ಟೇ ಅಲ್ಲ, ಐ ಆಮ್ ಹ್ಯಾಂಗಿಂಗ್ ಆನ್ ಟು ಇಟ್.

ಮೂರು ಬಾಲ ಒಟ್ಟಿಗೆ. ಥ್ರೂ, ಔಟ್, ಆನ್. ಹಮ್ಮು ಬಿಮ್ಮು ಎಲ್ಲ ಆ ಎಂಜಲು ನೆಲದ ಮೇಲೆ ಹಾಕಿ ಅವಳ ಎದುರಿನ ಬೆಂಚಿನಲ್ಲಿ ಕೂತೆ. ನಿನ್ನ ಇಂಗ್ಲಿಷು ನನಗೆ ಅರ್ಥವಾಗುವುದಿಲ್ಲ, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳು ಅಂದೆ.

ಅವಳು ನಿಧಾನವಾಗಿ, ಒಂದೊಂದೇ ಶಬ್ದ ಇಟ್ಟು ಹೇಳಿದಳು. ಅವರು ಬೇಡ ಅಂದರು. ನಾನೂ ಇನ್ನು ಯಾರಿಗೂ ಮಾರುವುದಿಲ್ಲ, ದಿನಾ ಇಲ್ಲಿ ಬಂದು ಕೂತ ಮೇಲೆ ಮಾರಲು ಮನಸ್ಸಿಲ್ಲ. ನೀವು ಇಲ್ಲೇ ಇರಿ.

ಫೆಲ್ ಅಂದರೆ ಬಿತ್ತು. ನಮ್ಮ ಭಾಷೆಯಲ್ಲೂ ಮಾತುಕತೆ ಮುರಿದರೆ ಬಿದ್ದುಹೋಯಿತು ಅಂತಲೇ ಅಲ್ಲವೇ ಹೇಳುವುದು? ಪಾಠ ಗೀಠ ಏನೂ ಕಲಿಯದೆ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳಿದ್ದರೆ ಅಪ್ಪನಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ನಾನು ಮುಖ ಮುಚ್ಚಿಕೊಂಡೆ. ಬೆರಳುಗಳ ಸಂದಿನಿಂದ ಕಂಡದ್ದು ಅವಳ ಕೈ, ಅನ್ನ ಕಲಸುತ್ತಿದ್ದದ್ದು ಎಲೆಯ ಮೇಲೆ ಹಾಗೇ ನಿಂತಿತ್ತು.

"ಮಾರಿದೆ ಅಂತ ತಿಳಿದುಕೊಂಡೂ ಇದನ್ನೆಲ್ಲ ಬಡಿಸಿದರಾ?" ಅಂತ ಕೇಳಿದಳು.

ಹೌದು ಅಂತ ತಲೆಯಾಡಿಸಿದೆ. ಅವಳು ಎಲೆಯನ್ನು ನೋಡಿದಳು, ಆಮೇಲೆ ಅಡುಗೆಮನೆಯ ಬಾಗಿಲನ್ನು.

ಅಪ್ಪ ಪಾಯಸದ ಪಾತ್ರೆ ಹಿಡಿದು ಬಂದರು. ಅವಳ ಕೈ ನಿಂತದ್ದನ್ನು ಕಂಡು ಅವರಿಗೆ ಗಾಬರಿಯಾಯಿತು. "ಯಾಕೆ ಉಣ್ತಾ ಇಲ್ಲ? ತೊವ್ವೆಗೆ ಉಪ್ಪು ಹೆಚ್ಚಾಯ್ತಾ ಕೇಳು."

"ಅಪ್ಪ" ಅಂದೆ, "ನಾನು ತಪ್ಪು ಹೇಳಿದ್ದು. ವ್ಯಾಪಾರ ಬಿದ್ದುಹೋಯ್ತಂತೆ. ಮಾರುದಿಲ್ಲಂತೆ. ನಾವು ಇಲ್ಲೇ ಇರ್ಬೇಕಂತೆ."

ಅಪ್ಪ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಸರಿಯಾಗಿ ಕೇಳು ಅವಳನ್ನು" ಅಂದರು. "ಬಿದ್ದದ್ದಾ, ಮುಗಿದದ್ದಾ? ಇನ್ನೊಂದು ಸಲ ಕೇಳು." ಮಾತು ಮುಗಿಯುವ ಮೊದಲೇ ಪಾತ್ರೆ ಓರೆಯಾಗಿ ಪಾಯಸ ಅವರ ಪಂಚೆಯ ಮೇಲೆ ಸುರಿಯಿತು, ಮಂಡಿ ಕುಸಿಯಿತು. ನಾನು ಏಳುವಷ್ಟರಲ್ಲಿ ಆ ಹುಡುಗಿ ಎದ್ದು, ಎಂಜಲು ಕೈ ಅನ್ನುವುದನ್ನೂ ನೋಡದೆ ಎರಡೂ ಕೈಯಲ್ಲಿ ಅವರ ತೋಳು ಹಿಡಿದಿದ್ದಳು.

"ಸಿಟ್ ಡೌನ್, ಅಂಕಲ್. ಸಿಟ್ ಡೌನ್."

ಅದು ನಾನು ದಾಟಿಸದೆಯೇ ಅಪ್ಪನಿಗೆ ಅರ್ಥವಾಯಿತು. ಅವಳು ಕೂತಿದ್ದ ಜಾಗದಲ್ಲೇ ಕೂತರು. ಅಂಗಿಯ ತೋಳಿನ ಮೇಲೆ ಅನ್ನದ ಅಗುಳು ಅಂಟಿತ್ತು. ಎಷ್ಟೋ ಹೊತ್ತು ಬಿಕ್ಕಿದರು, ಮಕ್ಕಳ ಹಾಗೆ, ಊಟಕ್ಕೆ ಕೂತವರೆಲ್ಲ ನೋಡುತ್ತಿದ್ದರೂ ನಾಚದೆ. ಅವಳು ಪಕ್ಕದಲ್ಲಿ ನಿಂತೇ ಇದ್ದಳು, ಹಿಡಿದ ತೋಳು ಬಿಡಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅಪ್ಪ ಮೊದಲು ನೋಡಿದ್ದು ಅವಳ ಎಲೆಯನ್ನು.

"ಅನ್ನ ಆರಿಹೋಗ್ತಾ ಉಂಟು. ಕೂತು ಉಣ್ಲಿಕ್ಕೆ ಹೇಳು ಮಗುವಿಗೆ" ಅಂದರು ನನಗೆ.

ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳುವ ಬದಲು ಅವಳ ಎಲೆಯನ್ನು ಅಪ್ಪನ ಪಕ್ಕದ ಜಾಗಕ್ಕೆ ಸರಿಸಿ, ಬಿಸಿ ಅನ್ನ ತರಲು ನಾನೇ ಒಳಗೆ ಹೋದೆ.